ಟ್ಯಾಬ್‌ನಲ್ಲಿ ಮಾತಾಡುವವರು ನಿಮ್ಮ ಅಂಗಡಿಗೆ ಬಂದರೆ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ) ಇರುವುದರಿಂದ ನನ್ನ ಮಾತು ಮನೆಯವರನ್ನು ಬಿಟ್ಟರೆ ಬೇರೆಯವರಿಗೆ ತಿಳಿಯುವುದಿಲ್ಲ. ಅದಕ್ಕೇ ಟ್ಯಾಬ್‌ನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತೇನೆ, ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಲಕ್ವಾ ಹೊಡೆದು ಮಾತು ನಿಂತವರು, ಆಟಿಸಂ ಇರುವ ಮಕ್ಕಳು ಬೆರಳಿಟ್ಟು ತೋರಿಸುವ ಚಿತ್ರದ ಬೋರ್ಡನ್ನೂ ಬಳಸುತ್ತಾರೆ. ನಮ್ಮಂಥವರು ಎದುರಿಗೆ ಬಂದರೆ ಏನು ಮಾಡಬೇಕು ಅಂತ ಜನ ಗಾಬರಿಯಾಗುತ್ತಾರೆ. ಮಾಡಬೇಕಾದ್ದು ಜಾಸ್ತಿ ಇಲ್ಲ. ಮೊದಲು ಕಾಯಿರಿ.

ಬಾಯಲ್ಲಿ ಮಾತಾಡುವವರು ನಿಮಿಷಕ್ಕೆ ಸುಮಾರು 150 ಪದ ಆಡುತ್ತಾರೆ. ನನಗೆ 10 ದಾಟಿದರೆ ದೊಡ್ಡದು. ಗಿರಮಿಟ್ ಗಾಡಿಯ ಹತ್ತಿರ ನಾನು ‘ಉಳ್ಳಾಗಡ್ಡಿ’ ಅಂತ ಒತ್ತುವಷ್ಟರಲ್ಲಿ ‘ಜಾಸ್ತಿ ಹಾಕ್ಬೇಕೇನ್ರಿ?’ ಅಂತ ಒಂದು ಹಿಡಿ ಬಿದ್ದೇಬಿಡುತ್ತದೆ. ನಾನು ಹೇಳಲು ಹೊರಟಿದ್ದು ‘ಉಳ್ಳಾಗಡ್ಡಿ ಬೇಡ’ ಅಂತ! ಕನ್ನಡದಲ್ಲಿ ಬೇಕು, ಬೇಡ ಬರುವುದೇ ಕೊನೆಗೆ ಅಲ್ವಾ? ಅರ್ಧಕ್ಕೇ ಊಹಿಸಿದರೆ ಕೆಡುತ್ತದೆ. ಹಿಂದೆ ಗಿರಾಕಿ ನಿಂತಿದ್ದರೆ ಅವರಿಗೆ ಕೊಟ್ಟು ಬನ್ನಿ, ಬೇಜಾರಿಲ್ಲ. ಆದರೆ ವಾಪಸ್ ಬನ್ನಿ.

ನನಗೆ ಏನು ಬೇಕು ಅಂತ ಪಕ್ಕದಲ್ಲಿರುವ ಅವ್ವನನ್ನು ಕೇಳಬೇಡಿ, ನನ್ನನ್ನೇ ಕೇಳಿ. ಕೂಗಿ ಹೇಳುವುದೂ ಬೇಡ, ಕಿವಿ ಸರಿಯಾಗಿಯೇ ಇದೆ. ಕೇಳದೆ ಟ್ಯಾಬ್ ಮುಟ್ಟಬೇಡಿ. ಅರ್ಥವಾಗದಿದ್ದರೆ ‘ತಿಳೀಲಿಲ್ಲ, ಇನ್ನೊಮ್ಮೆ’ ಅನ್ನಿ. ತಿಳಿದಂತೆ ತಲೆ ಆಡಿಸುವವರಿಗಿಂತ ಅವರೇ ವಾಸಿ.

ಅಂಗಡಿಯವರು ಒಂದು ಕಾಗದದ ಬೋರ್ಡ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಟ್ಯಾಬಿನ ಪರದೆ ಕಾಣುವುದೇ ಇಲ್ಲ, ಚಾರ್ಜೂ ಖಾಲಿಯಾಗುತ್ತದೆ. ಎ4 ಹಾಳೆಯಲ್ಲಿ ಹನ್ನೆರಡು ಚೌಕ ಸಾಕು. ಪ್ರತಿ ಚೌಕದಲ್ಲಿ ದೊಡ್ಡ ಅಕ್ಷರ, ಜೊತೆಗೊಂದು ಚಿತ್ರ ಹಾಕಿ ಲ್ಯಾಮಿನೇಟ್ ಮಾಡಿಸಿ. ಜನ ಬರೆಯುವುದು ಬರೀ ‘ನೀರು, ಊಟ, ಶೌಚಾಲಯ’. ಅಷ್ಟರಲ್ಲಿ ಯಾರ ಬದುಕು ನಡೆಯುತ್ತದೆ ಹೇಳಿ! ‘ಎಷ್ಟು?’, ‘ಅದಲ್ಲ’, ‘ಇನ್ನೂ ಬೇಕು’, ‘ಸಾಕು’, ‘ತುಟ್ಟಿ ಆಯ್ತು’, ‘ಚಿಲ್ಲರೆ ಕೊಡಿ’, ‘ತಾಳಿ’ ಇವೆಲ್ಲ ಇರಲಿ. ಚೌಕಾಸಿ ಮಾಡಲು ಆಗದಿದ್ದರೆ ಸಂತೆಗೆ ಹೋಗುವುದಾದರೂ ಯಾಕೆ? ಮನೆಯ ಬೋರ್ಡಾದರೆ ಬೈಗುಳವೂ ಒಂದೆರಡು ಇರಲಿ. ಮಕ್ಕಳು ಜಗಳ ಆಡದೆ ಬೆಳೆಯುತ್ತಾರಾ?

ಕೈ ಆಡದವರಿಗೆ ನೀವೇ ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿ. ಬೇಕಾದ ಸಾಲು ಬಂದಾಗ ಅವರು ಕಣ್ಣು ಮಿಟುಕಿಸುತ್ತಾರೆ, ಅಥವಾ ತಮ್ಮದೇ ಬೇರೆ ಗುರುತು ಮಾಡುತ್ತಾರೆ. ಹೌದು, ಇಲ್ಲ ಎನ್ನಲು ಅವರ ಗುರುತು ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಸಾಲು ಸಿಕ್ಕ ಮೇಲೆ ಅದರೊಳಗಿನ ಚೌಕಗಳನ್ನು ಒಂದೊಂದಾಗಿ ತೋರಿಸಿ.

ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಬೇಕೆಂದರೆ ಐಐಟಿ ಬಾಂಬೆಯವರ ಜೆಲ್ಲೋ ಇದೆ, ಅದಕ್ಕೆ ದುಡ್ಡಿಲ್ಲ. ಚೆನ್ನೈನಲ್ಲಿ ಹುಟ್ಟಿದ ಆವಾಜ್ ಕೂಡ ಇದೆ. ಅಕ್ಷರ ಬಲ್ಲವರಿಗೆ ಫೋನಿನಲ್ಲಿರುವ ಗೂಗಲ್‌ನ ಕನ್ನಡ ದನಿಯೂ ನಡೆಯುತ್ತದೆ. ಅದರ ದನಿ ಸ್ವಲ್ಪ ವಾರ್ತೆ ಓದಿದ ಹಾಗಿರುತ್ತದೆ. ‘ಬರ್ರಿ’ ಅಂತ ಒತ್ತಿದರೆ ಬಸ್ ಕಂಡಕ್ಟರ್ ಕೂಡ ನಗುತ್ತಾರೆ, ನಗಲಿ.

ಕಚೇರಿಗಳ ಕತೆ ಬೇರೆ. ಒಂದು ಕಡೆ ‘ಬಾಯಲ್ಲೇ ಹೇಳಬೇಕು, ಮಷೀನು ನಡೆಯಲ್ಲ’ ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂದರೆ ಏನು ಅಂತ ಹೇಳುವಾಗಲೇ ಬ್ರೈಲ್, ಸನ್ನೆ ಭಾಷೆಯ ಜೊತೆಗೆ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಕೌಂಟರಿನಲ್ಲಿ ಕೂತವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಮದುವೆಮನೆಯ ಹರಟೆಯಲ್ಲಿ ನಾನು ಉತ್ತರ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಮಾತು ಸೀರೆಯಿಂದ ಸೊಸೆಗೆ ದಾಟಿರುತ್ತದೆ. ಆಗ ಯಾರಾದರೂ ‘ಇರ್ರಿ, ಸೀರೆ ಬಗ್ಗೆ ಆಕಿ ಏನೋ ಹೇಳಾಕತ್ತಾಳ’ ಅಂದರೆ ಆಯ್ತು. ಫೋನ್ ಮಾಡಿದಾಗಲೂ ಅಷ್ಟೇ. ‘ಹಲೋ, ಹಲೋ’ ಅಂತ ಎರಡು ಸಲ ಕೂಗಿ ಕಟ್ ಮಾಡಬೇಡಿ. ಅವಸರವಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆಯಿರಿ, ಅಲ್ಲಿ ನಾನೇ ಜೋರು.