ಬ್ಯಾಂಕಾಕ್‌ಗೆ ಒನ್ ವೇ ಟಿಕೆಟ್: ಕೌಂಟರ್‌ನಲ್ಲಿ ತಡೆದಾಗ ಮಾಡಿದ್ದು

"ಅಲ್ಲಿಂದ ಹೊರಡೋ ಟಿಕೆಟ್ ತೋರಿಸಿ ಸರ್, ಇಲ್ಲಾಂದ್ರೆ ಬೋರ್ಡಿಂಗ್ ಪಾಸ್ ಕೊಡಕ್ಕಾಗಲ್ಲ" ಅಂದರು, ಬೆಂಗಳೂರು ಏರ್‌ಪೋರ್ಟ್‌ನ ಚೆಕ್‌ಇನ್ ಕೌಂಟರ್‌ನಲ್ಲಿ. ಥಾಯ್ಲೆಂಡ್ 2024ರ ಜುಲೈನಲ್ಲಿ ನಮಗೆ ವೀಸಾ ಇಲ್ಲದೆ 60 ದಿನ ಕೊಟ್ಟಿತ್ತು, ನಿಜ. ಆದರೆ ಅಲ್ಲಿ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು. ಹಾಗಾಗಿ ಅವರು ಕೇಳುವುದು ಸರಿಯೇ.

ಊರಿಗೆ ಬರುವ ಟಿಕೆಟ್ಟೇ ಆಗಬೇಕಿಲ್ಲ. ಸಾಲಿನಿಂದ ಪಕ್ಕಕ್ಕೆ ಸರಿದು ಮೊಬೈಲಿನಲ್ಲೇ ಬ್ಯಾಂಕಾಕ್‌ನಿಂದ ಕೌಲಾಲಂಪುರಕ್ಕೆ ಟಿಕೆಟ್ ತೆಗೆದೆ. ತಾರೀಕು ಆ 60 ದಿನದೊಳಗೇ ಇರಬೇಕಿತ್ತು, ಅದು ಮುಖ್ಯ. ಮಲೇಷ್ಯಾದಲ್ಲೂ ನಮಗೆ 30 ದಿನ ವೀಸಾ ಬೇಕಿರಲಿಲ್ಲ, ಹಾಗಾಗಿ ಅದನ್ನೇ ಆರಿಸಿದೆ. ಕೌಂಟರ್‌ನವರು ಪಿಎನ್‌ಆರ್ ಟೈಪ್ ಮಾಡಿ, ಪರದೆ ಮೇಲೆ ಹೆಸರು ನೋಡಿ ಪಾಸ್ ಕೊಟ್ಟರು. ಎಡಿಟ್ ಮಾಡಿದ ಟಿಕೆಟ್ ಇಲ್ಲಿ ನಡೆಯಲ್ಲ, ಆ ಸಾಹಸ ದಯವಿಟ್ಟು ಬೇಡ. ಹೋಟೆಲ್ ಬುಕಿಂಗ್ ಪ್ರಿಂಟೂ ಕೈಯಲ್ಲಿರಲಿ.