ಎಣ್ಣೆ ಹಚ್ಚುವ ಮೊದಲು ಅರಿವೆಗೊಂದು ಜಾಗ ಮಾಡಿ

ಕಲಬುರಗಿ ಬಿಸಿಲು ಹೊರಗಿಟ್ಟ ಕಟ್ಟಿಗೆಯನ್ನು ಸುಮ್ನೆ ಬಿಡುವುದಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಸಾಗವಾನಿ ಬೆಂಚು, ಹೀರೆ ಬಳ್ಳಿಯ ಹಂದರ, ಕುಂಡ ಇಡುವ ಬೇವಿನ ಹಲಗೆಗಳು ಇವೆ. ಎಲ್ಲಕ್ಕೂ ನಾನೇ ಎಣ್ಣೆ ಹಚ್ಚುತ್ತೇನೆ. ವಾರ್ನಿಷ್ ಹಚ್ಚುವುದಿಲ್ಲ. ಅದು ಮೇಲೆ ಪೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗಿದಾಗ ಆ ಪೊರೆ ಬಿರುಕು ಬಿಡುತ್ತದೆ. ಒಳಗೆ ಹೋದ ನೀರು ಅಲ್ಲೇ ಉಳಿಯುತ್ತದೆ. ಆಮೇಲೆ ಎಲ್ಲವನ್ನೂ ಕೆರೆದು ತೆಗೆಯಬೇಕು. ಎಣ್ಣೆ ಕಟ್ಟಿಗೆಯ ಒಳಗೆ ಇಳಿಯುತ್ತದೆ. ಮಾಸಿದರೆ ಒರೆಸಿ ಮತ್ತೆ ಹಚ್ಚಿದರೆ ಆಯಿತು.

ಯಾವ ಎಣ್ಣೆ ಅನ್ನುವುದು ಮುಖ್ಯ. ಶೇಂಗಾ ಎಣ್ಣೆ ಗಟ್ಟಿಯಾಗುವುದೇ ಇಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದುಕೊಂಡು ಗಟ್ಟಿಯಾಗುತ್ತದೆ. ನಮ್ಮ ಹೊಲಗಳ ಕುಸುಬೆ ಎಣ್ಣೆಗೂ ಈ ಗುಣ ಇದೆ, ಆದರೆ ನಿಧಾನ. ಹಸಿ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಒಂದೆರಡು ದಿನದಲ್ಲಿ ಒಣಗುತ್ತದೆ. ಬೇಗ ಒಣಗಲಿ ಅಂತ ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಅಂಶ ಸೇರಿಸಿರುತ್ತಾರೆ. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದ ಮನೆ ಕಡಿಮೆ. ಅಗಸೆ ಅಂದರೆ ತಿನ್ನುವ ವಸ್ತು ಅಂತಲೇ ಎಲ್ಲರ ತಲೆಯಲ್ಲಿರುತ್ತದೆ. ಅದಕ್ಕೇ ಆ ಡಬ್ಬಿ ಅಡುಗೆಮನೆಯ ಹತ್ತಿರ ಬರಲು ನಾನು ಬಿಡುವುದಿಲ್ಲ. 'ತಿನ್ನುವ ಎಣ್ಣೆ ಅಲ್ಲ' ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಹಂದರ ಕಟ್ಟಿಕೊಟ್ಟ ಬಡಿಗರು, "ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಹಚ್ರಿ, ಗೆದ್ದಲು ಬರಂಗಿಲ್ರಿ" ಅಂದರು. ಬೇಲಿ ಕಂಬಕ್ಕೆ ಸುಮಾರು ಜನ ಅದನ್ನೇ ಹಚ್ಚುತ್ತಾರೆ. ನಾನು ಒಪ್ಪಲಿಲ್ಲ. ಓಡಿದ ಆಯಿಲ್‌ನಲ್ಲಿ ಇಂಜಿನ್ ಸವೆದ ಲೋಹ ಇರುತ್ತದೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಇರುತ್ತದೆ. ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತದೆ. ಅದೇ ಮಣ್ಣಲ್ಲಿ ಮೆಂತ್ಯ, ಪುಂಡಿಪಲ್ಯೆ ಬೆಳೆದು ತಿನ್ನುವವರು ನಾವೇ ಅಲ್ವಾ?

ಇನ್ನು ಅರಿವೆಯ ವಿಷಯ. ಎಣ್ಣೆ ಡಬ್ಬಿಗೆ ಎಲ್ಲರೂ ಹೆದರುತ್ತಾರೆ. ಡಬ್ಬಿಯಲ್ಲಿರುವ ಅಗಸೆ ಎಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಅದು 200 ಡಿಗ್ರಿ ದಾಟಿ ಕಾಯಬೇಕು. ನಿಜವಾದ ಅಪಾಯ ಎಣ್ಣೆ ಒರೆಸಿದ ಬಟ್ಟೆಯದು. ಎಣ್ಣೆ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಹಲಗೆಯ ಮೇಲಾದರೆ ಆ ಕಾವು ಗಾಳಿಗೆ ಹೋಗಿಬಿಡುತ್ತದೆ. ಉಂಡೆ ಮಾಡಿ ಎಸೆದ ಬಟ್ಟೆಯಲ್ಲಿ ಅದು ಒಳಗೇ ಉಳಿಯುತ್ತದೆ. ಕಾವು ಏರಿದಷ್ಟೂ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಕಾವು ಇನ್ನೂ ಏರುತ್ತದೆ. ಕೆಲವು ಗಂಟೆಗಳಲ್ಲಿ ಹೊಗೆ, ಆಮೇಲೆ ಬೆಂಕಿ. ಕಡ್ಡಿ ಗೀರಬೇಕಿಲ್ಲ, ಬೀಡಿ ತುಂಡು ಬೀಳಬೇಕಿಲ್ಲ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡ ಹೊತ್ತಿ ಉರಿದದ್ದು ಹೀಗೇ. ಕೆಲಸ ಮುಗಿಸಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಶುರುವಾದ ಬೆಂಕಿ ಅದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ನಮ್ಮಲ್ಲಿ ಹಿತ್ತಲ ಮೂಲೆಯಲ್ಲಿ ಒಲೆಗೆ ಅಂತ ತೊಗರಿ ಕಟ್ಟಿಗೆ ಒಟ್ಟಿರುತ್ತೇವೆ. ಪಕ್ಕದಲ್ಲೇ ಕಸದ ಬುಟ್ಟಿ. ಅಲ್ಲಿ ಇಂಥ ಬಟ್ಟೆ ಬಿದ್ದರೆ ಏನಾದೀತು ಅಂತ ಯೋಚಿಸಿ. ಅದಕ್ಕೇ ನಾನು ಎಣ್ಣೆ ಡಬ್ಬಿ ತೆರೆಯುವ ಮೊದಲೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಬಳಸಿದ ಬಟ್ಟೆ ನೇರ ಆ ನೀರಿಗೆ. ಎಣ್ಣೆ ಹಿಡಿದ ಕಟ್ಟಿಗೆ ಪುಡಿಯೂ ಅಲ್ಲಿಗೇ, ಅದಕ್ಕೂ ಇದೇ ಗುಣ. ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ತೆಗೆದು, ಬಯಲಲ್ಲಿ, ನೆರಳಲ್ಲಿ, ಬರೀ ಕಲ್ಲಿನ ಮೇಲೆ ಒಂದೊಂದಾಗಿ ಬಿಡಿಸಿ ಹಾಸುತ್ತೇನೆ. ಮಡಿಕೆ ಇರಬಾರದು, ಒಂದರ ಮೇಲೊಂದು ಬೀಳಬಾರದು. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು. ಪೂರ್ತಿ ಒಣಗಿದಾಗ ಬಟ್ಟೆ ಹಪ್ಪಳದ ಹಾಗೆ ಬಿರುಸಾಗುತ್ತದೆ. ಆಮೇಲಷ್ಟೇ ಕಸಕ್ಕೆ.

ಎಣ್ಣೆ ತೆಳುವಾಗಲಿ ಅಂತ ಟರ್ಪೆಂಟೈನ್ ಬೆರೆಸುವವರು ಇನ್ನೊಂದು ವಿಷಯ ನೋಡಬೇಕು. ಸುಮಾರು 35 ಡಿಗ್ರಿ ಶಾಖದಲ್ಲೇ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಮೇ ತಿಂಗಳಲ್ಲಿ 42 ದಾಟುವುದು ಮಾಮೂಲು. ನಾನು ದಸರಾ, ದೀಪಾವಳಿ ಕಳೆದು ಕಟ್ಟಿಗೆಯ ಮಳೆ ಹಸಿ ಆರಿದ ಮೇಲೆ, ಬೆಳಗಿನ ಹೊತ್ತು ನೆರಳಲ್ಲಿ ಹಚ್ಚುತ್ತೇನೆ. ಬಿಸಿಲಿಗೆ ಕಾದ ಹಲಗೆಗೆ ಹಚ್ಚಿದರೆ ಎಣ್ಣೆ ಒಳಗಿಳಿಯುವ ಮೊದಲೇ ಮೇಲೆ ಕೆನೆ ಕಟ್ಟುತ್ತದೆ. ಕೈಗವಸು ಬೇಕೇ ಬೇಕು.

ಹಚ್ಚುವುದು ಸುಲಭ. 120 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ಧೂಳು ಒರೆಸಿ, ತೆಳ್ಳಗೆ ಹಚ್ಚಿ. ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಒರೆಸದೆ ಬಿಟ್ಟರೆ ಬೆಂಚಿನ ಮೇಲೆ ಕೂತವರ ಅಂಗಿಗೆ ಅಂಟುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಜಾಸ್ತಿ ಕುಡಿಸಿ, ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ಬರೀ ಎಣ್ಣೆ ಬಿಸಿಲು ತಡೆಯುವುದಿಲ್ಲ, ಕಟ್ಟಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಕಾವಿ ಬಣ್ಣ ಕಲಸಿದರೆ ಬಣ್ಣ ಹೆಚ್ಚು ದಿನ ನಿಲ್ಲುತ್ತದೆ.

ಮಣ್ಣಲ್ಲಿ ಹೂತ ಕಂಬಕ್ಕೆ ಮಾತ್ರ ಎಣ್ಣೆ ಸಾಲದು. ನಮ್ಮ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ, ಗೆದ್ದಲೂ ಇದೆ. ಹಂದರದ ಕಾಲುಗಳನ್ನು ನಾನು ಶಹಾಬಾದ್ ಕಲ್ಲಿನ ಮೇಲೆ ನಿಲ್ಲಿಸಿ, ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿದ್ದೇನೆ. ಆ ಕಲ್ಲಿಗೆ ಎಣ್ಣೆ ಬಿದ್ದರೆ ಕಲೆ ಹೋಗುವುದಿಲ್ಲ, ಹಾಗಾಗಿ ಕೆಳಗೆ ಹಳೇ ಪೇಪರ್ ಹಾಸಿ. ಎಣ್ಣೆ ಬಿದ್ದ ಪೇಪರನ್ನೂ ಬಟ್ಟೆಯ ಜೊತೆ ಆ ನೀರಿನ ಡಬ್ಬಿಗೇ ಹಾಕಿ.

ಮತ್ತೆ ಯಾವಾಗ ಹಚ್ಚಬೇಕು ಅಂತ ಕೇಳುತ್ತಾರೆ. ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿ ದುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ. ಹರಡಿ, ಕಟ್ಟಿಗೆ ಕಪ್ಪಾದರೆ ಡಬ್ಬಿ ತೆಗೆಯಿರಿ. ಬೆಂಚಿನ ತೋಳು ಮೊದಲು ಒಣಗುತ್ತದೆ, ಅಲ್ಲೇ ನೋಡಿ.