ಆಟೊ ಗೇರಿನ ಸಣ್ಣ ಕಾರು: ಜರ್ಕ್ ಹೊಡೆಸದೆ, ಕ್ಲಚ್ ಸುಡದೆ ಓಡಿಸುವುದು ಹೇಗೆ?

ಸಂಡೂರಿನಿಂದ ಕುಮಾರಸ್ವಾಮಿ ಗುಡಿಗೆ ಹೋಗುವ ಏರಿನಲ್ಲಿ ಮುಂದಿನ ಅದಿರು ಲಾರಿ ನಿಂತುಬಿಟ್ಟಿದ್ದರಿಂದ ನಮ್ಮ ಸೋದರಮಾವ ತಮ್ಮ ಹೊಸ ಆಟೊ ಗೇರಿನ ಕಾರನ್ನೂ ನಿಲ್ಲಿಸಬೇಕಾಯಿತು. ಅವರು ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರನ್ನು ಅಷ್ಟಷ್ಟೇ ಒತ್ತುತ್ತ, ಕಾರು ಮುಂದಕ್ಕೂ ಹೋಗದಂತೆ, ಹಿಂದಕ್ಕೂ ಜಾರದಂತೆ ಹಿಡಿದು ನಿಲ್ಲಿಸಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಡ್ಯಾಷ್‌ಬೋರ್ಡಿನಿಂದ ಬೀಪ್ ಸದ್ದು ಬರತೊಡಗಿತು. ಅದರ ಹಿಂದೆಯೇ ಸುಟ್ಟ ವಾಸನೆ ಕಾರಿನೊಳಗೆಲ್ಲ ತುಂಬಿತು. ಎಸಿ ವೈರು ಸುಟ್ಟಿರಬೇಕೆಂದು ಅವರು ಎಸಿ ಆರಿಸಿದರು. ಕ್ಲಚ್ ಸುಡುತ್ತಿದೆ ಎಂದು ನಾನು ಹೇಳಿದಾಗ, “ಈ ಗಾಡ್ಯಾಗ ಕ್ಲಚ್ಚೇ ಇಲ್ಲಲ್ಲಪ್ಪ” ಎಂದರು.

ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಮುಕ್ಕಾಲು ಪಾಲು ತೊಂದರೆಗಳು ಹುಟ್ಟುವುದನ್ನು ನಾನು ನಮ್ಮ ಬಂಧುಬಳಗದಲ್ಲಿಯೂ ಓಣಿಯಲ್ಲಿಯೂ ಮತ್ತೆ ಮತ್ತೆ ನೋಡಿದ್ದೇನೆ. ಹೊಸದಾಗಿ ಕಲಿತವರಿಗಿಂತ, ಹತ್ತಿಪ್ಪತ್ತು ವರ್ಷ ಕೈಯಿಂದ ಗೇರು ಹಾಕಿ ಪಳಗಿದವರೇ ಇದರಲ್ಲಿ ಹೆಚ್ಚು ಎಡವುತ್ತಾರೆ. ಆದ್ದರಿಂದ ಈ ಲೇಖನವನ್ನು ಮುಖ್ಯವಾಗಿ ಅವರಿಗಾಗಿಯೇ ಬರೆಯುತ್ತಿದ್ದೇನೆ.

ಕ್ಲಚ್ ಎಲ್ಲಿಗೂ ಹೋಗಿಲ್ಲ, ಪೆಡಲ್ ಮಾತ್ರ ಹೋಗಿದೆ

2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶದ ಸಣ್ಣ ಕಾರುಗಳಿಗೆ ಎಎಂಟಿ (ಆಟೊಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್) ಎಂಬ ಗೇರಿನ ವ್ಯವಸ್ಥೆ ಬಂದಿತು. ಆಮೇಲೆ ಆಲ್ಟೊ ಕೆ10, ವ್ಯಾಗನ್ ಆರ್, ಕ್ವಿಡ್, ಟಿಯಾಗೊ ಮುಂತಾದವುಗಳಲ್ಲಿಯೂ ಅದು ಸಿಗತೊಡಗಿತು. ಹಲವು ದೊಡ್ಡ ಕಾರುಗಳ ಆಟೊಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ. ಸಿವಿಟಿ ಎಂಬ ಬಗೆಯಲ್ಲಿ ಹಲ್ಲಿನ ಗೇರುಗಳ ಬದಲು ಬೆಲ್ಟು ಮತ್ತು ರಾಟೆಗಳಿರುತ್ತವೆ. ಎಎಂಟಿ ಇವೆರಡೂ ಅಲ್ಲ. ಅದರಲ್ಲಿರುವುದು ಹಳೆಯ ಮ್ಯಾನ್ಯುವಲ್ ಗೇರ್ ಬಾಕ್ಸೇ, ಎಂಜಿನ್ನನ್ನು ಗೇರ್ ಬಾಕ್ಸಿಗೆ ಸೇರಿಸುವ, ಬಿಡಿಸುವ ಅದೇ ಒಣ ಕ್ಲಚ್ ಪ್ಲೇಟೇ. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ಸಣ್ಣ ಕಂಪ್ಯೂಟರು ಪಂಪು ಅಥವಾ ಮೋಟರಿನ ಸಹಾಯದಿಂದ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಬೆಲೆ ಕಡಿಮೆ ಇರುವುದಕ್ಕೂ, ಮೈಲೇಜು ಮ್ಯಾನ್ಯುವಲ್ ಕಾರಿನಷ್ಟೇ ಬರುವುದಕ್ಕೂ, ಗೇರು ಬದಲಾಗುವಾಗ ಕಾರು ತಲೆಯಾಡಿಸುವುದಕ್ಕೂ ಇದೇ ಕಾರಣ.

ಆ ಕಂಪ್ಯೂಟರಿಗೆ ಕಣ್ಣಿಲ್ಲ. ಮುಂದೆ ಲಾರಿ ಇದೆಯೋ, ಏರು ಬಂತೋ ಅದಕ್ಕೆ ಕಾಣಿಸುವುದಿಲ್ಲ. ನಿಮ್ಮ ಬಲಗಾಲು ಎಷ್ಟು ಒತ್ತಿದೆ, ಕಾರಿನ ವೇಗ ಎಷ್ಟಿದೆ, ಎಂಜಿನ್ ಎಷ್ಟು ಸುತ್ತುತ್ತಿದೆ ಎಂಬುದನ್ನು ನೋಡಿಯೇ ಅದು ಗೇರನ್ನು ನಿರ್ಧರಿಸುತ್ತದೆ. ಕಾಲು ಹಗುರವಾಗಿದ್ದರೆ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಗಟ್ಟಿಯಾಗಿ ಒತ್ತಿದರೆ ಕೆಳಗಿನ ಗೇರಿನಲ್ಲಿಯೇ ಎಂಜಿನ್ನನ್ನು ಎಳೆಯುತ್ತದೆ.

ಹೊರಡುವುದು

ಬ್ರೇಕ್ ಒತ್ತಿ, ಲಿವರು ನ್ಯೂಟ್ರಲ್‌ನಲ್ಲಿದೆಯೇ ನೋಡಿ, ಸ್ಟಾರ್ಟ್ ಮಾಡಿ, ಮುಂದಕ್ಕೆ ಓಡಿಸುವ ಡಿ (ಡ್ರೈವ್) ಗುರುತಿಗೆ ಹಾಕಿ, ಮೀಟರಿನಲ್ಲಿ ಗೇರಿನ ಗುರುತು ಬಂದ ಮೇಲೆ ಬ್ರೇಕ್ ಬಿಡಿ. ಎಡಗಾಲನ್ನು ಸೀಟಿನ ಕಡೆಗೆ ಹಿಂದಕ್ಕೆ ಎಳೆದುಕೊಂಡು ಕೂತುಕೊಳ್ಳಿ. ಮೊದಲ ವಾರ ಅದು ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ಜಾಡಿಸಿ ಒತ್ತುತ್ತದೆ, ಹಿಂದೆ ಕೂತವರ ಹಣೆ ಮುಂದಿನ ಸೀಟಿಗೆ ಬಡಿಯುತ್ತದೆ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ.

ಗೇರು ಬದಲಾಗುವಾಗ ಕಾಲು ಏನು ಮಾಡಬೇಕು

ಮ್ಯಾನ್ಯುವಲ್ ಕಾರಿನಲ್ಲಿ ಗೇರು ಬದಲಿಸುವಾಗ ನೀವು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದಿರಿ. ಆಗಲೂ ಎಳೆತ ಒಂದು ಕ್ಷಣ ನಿಲ್ಲುತ್ತಿತ್ತು. ಆದರೆ ಅದು ನಿಮ್ಮದೇ ಕೆಲಸವಾದ್ದರಿಂದ ಮೈ ಮೊದಲೇ ಸಿದ್ಧವಾಗಿರುತ್ತಿತ್ತು. ಎಎಂಟಿಯಲ್ಲಿ ಅದೇ ವಿರಾಮ ನಿಮ್ಮನ್ನು ಕೇಳದೆ ಬರುತ್ತದೆ. ಎಂಜಿನ್ನಿನ ಬಲ ಇಳಿದು, ಕ್ಲಚ್ ಬಿಟ್ಟು, ಗೇರು ಬದಲಾಗಿ, ಕ್ಲಚ್ ಮತ್ತೆ ಹಿಡಿಯುವಷ್ಟರಲ್ಲಿ ಕಾರು ಮುಗ್ಗರಿಸಿದಂತಾಗುತ್ತದೆ. ಆಗ ಹೆಚ್ಚಿನವರು “ಪಿಕಪ್ ಇಲ್ಲ” ಎಂದು ಇನ್ನಷ್ಟು ಒತ್ತುತ್ತಾರೆ. ಕ್ಲಚ್ ಹಿಡಿಯುವ ಹೊತ್ತಿಗೆ ಆ ಹೆಚ್ಚಿನ ಬಲವೂ ಬಂದು ಸೇರುವುದರಿಂದ ಕಾರು ಜರ್ಕ್ ಹೊಡೆಯುತ್ತದೆ.

ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಗೇರು ಬದಲಾಗುತ್ತದೆ ಎನ್ನಿಸಿದ ಕೂಡಲೇ ಹೆಬ್ಬೆರಳನ್ನು ಸ್ವಲ್ಪ ಎತ್ತಿದ ಹಾಗೆ ಆಕ್ಸಿಲರೇಟರನ್ನು ಸಡಿಲಿಸಿ, ಹೊಸ ಗೇರು ಕೂತ ಮೇಲೆ ಮೆಲ್ಲಗೆ ಒತ್ತಿ. ಪೂರ್ತಿ ಕಾಲು ತೆಗೆಯಬೇಡಿ. ಯಾವಾಗ ಬದಲಾಗುತ್ತದೆ ಎಂದು ತಿಳಿಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಕಿವಿಯಿಂದ ಕಲಿಯಬೇಕು. ಒಂದು ಭಾನುವಾರ ಬೆಳಿಗ್ಗೆ, ಲಾರಿಗಳ ಓಡಾಟ ಹೆಚ್ಚುವ ಮುನ್ನ, ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವ ಸಮತಟ್ಟಾದ ರಸ್ತೆಗೆ ಹೋಗಿ, ಎಸಿಯನ್ನೂ ಹಾಡನ್ನೂ ಆರಿಸಿ, ಕಾಲನ್ನು ಒಂದೇ ಮಟ್ಟದಲ್ಲಿಟ್ಟು ನಿಂತಲ್ಲಿಂದ ಅರವತ್ತರ ವೇಗದವರೆಗೆ ಹತ್ತು ಸಲ ಹೋಗಿ. ಎಂಜಿನ್ನಿನ ಸದ್ದು ಯಾವ ಮಟ್ಟಕ್ಕೆ ಏರಿದಾಗ ಮೀಟರಿನಲ್ಲಿ ಗೇರಿನ ಅಂಕಿ ಬದಲಾಗುತ್ತದೆ ಎಂಬುದು ಐದಾರು ಸಲಕ್ಕೆ ಹಿಡಿತಕ್ಕೆ ಸಿಗುತ್ತದೆ. ಹತ್ತನೆಯ ಸಲಕ್ಕೆ ಪಕ್ಕದಲ್ಲಿ ಕೂತವರ ಕೈಯಲ್ಲಿ ಚಹಾದ ಲೋಟವಿದ್ದರೂ ತುಳುಕುವುದಿಲ್ಲ. ಇಷ್ಟನ್ನೂ ಮಾಡದೆ “ಎಎಂಟಿ ಅಂದ್ರೆ ಜರ್ಕು” ಎಂದು ಕಾರನ್ನು ಮಾರಿದವರನ್ನು ನಾನು ಬಲ್ಲೆ.

ಬಳ್ಳಾರಿಯ ರಾಯಲ್ ಸರ್ಕಲ್ಲಿನ ದಟ್ಟಣೆಯಲ್ಲಿ

ಡಿಯಲ್ಲಿ ಬ್ರೇಕ್ ಬಿಟ್ಟರೆ ಬಹುತೇಕ ಕಾರುಗಳು ಆಕ್ಸಿಲರೇಟರ್ ಒತ್ತದೆಯೇ ನಡಿಗೆಯ ವೇಗದಲ್ಲಿ ತೆವಳುತ್ತವೆ. ಇದು ಬಹಳ ಅನುಕೂಲ ಎಂದು ಜನ ಸಂಭ್ರಮಿಸುತ್ತಾರೆ. ಆದರೆ ಹಾಗೆ ತೆವಳುವಾಗ ಕಂಪ್ಯೂಟರು ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟಿರುತ್ತದೆ. ನಮ್ಮ ಚಾಲಕರು ಹಾಫ್ ಕ್ಲಚ್ ಎನ್ನುವುದು ಇದನ್ನೇ. ಒಂದೊಂದು ಅಡಿ ಜಾಗ ಸಿಕ್ಕಾಗಲೂ ಬ್ರೇಕ್ ಬಿಟ್ಟು ತೆವಳಿಸುತ್ತ ಹೋದರೆ, ಮೋತಿ ಸರ್ಕಲ್ಲಿನಿಂದ ರಾಯಲ್ ಸರ್ಕಲ್ಲಿಗೆ ಹೋಗುವಷ್ಟರಲ್ಲಿ ಪ್ಲೇಟು ನೂರು ಸಲ ಉಜ್ಜಿಕೊಂಡಿರುತ್ತದೆ.

ಬ್ರೇಕ್ ಒತ್ತಿ ನಿಂತಿರುವಾಗ ಕ್ಲಚ್ ಪೂರ್ತಿ ಬಿಟ್ಟಿರುತ್ತದೆ, ಆಗ ಸವೆತವಿಲ್ಲ. ಆದ್ದರಿಂದ ಮುಂದಿನ ಗಾಡಿ ಒಂದು ಕಾರಿನ ಉದ್ದದಷ್ಟಾದರೂ ಮುಂದೆ ಹೋಗುವ ತನಕ ಬ್ರೇಕ್ ಮೇಲೆಯೇ ಇರಿ. ಜಾಗವಾದ ಮೇಲೆ ಆಕ್ಸಿಲರೇಟರನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ, ಕ್ಲಚ್ ಪೂರ್ತಿ ಹಿಡಿಯುವಂತೆ ಒಂದೇ ಸಲಕ್ಕೆ ಹೋಗಿ, ಮತ್ತೆ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಡುವೆ ಬೈಕುಗಳು ನುಗ್ಗುತ್ತವೆ, ನುಗ್ಗಲಿ. ರೈಲ್ವೆ ಗೇಟು ಬಿದ್ದು ಐದು ನಿಮಿಷ ನಿಲ್ಲುವುದಾದರೆ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಹಾಕಿ.

ಏರಿನಲ್ಲಿ ನಿಂತು ಹೊರಡುವುದು

ಇದೇ ಅತಿ ಕಠಿಣವಾದ ಹಂತ. ಗಟ್ಟಿ ಕೈಯವರೂ ಸೋಲುವುದು ಇಲ್ಲಿಯೇ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಂಡರೆ, ಚಕ್ರ ನಿಂತೇ ಇರುತ್ತದೆ, ಎಂಜಿನ್ ಸುತ್ತುತ್ತಿರುತ್ತದೆ, ಇವೆರಡರ ನಡುವಿನ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟು ಉಜ್ಜಿ ಉಜ್ಜಿ ಶಾಖವಾಗಿ ನುಂಗಬೇಕಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗಿನ ಬಿಸಿಯೇ 40 ಡಿಗ್ರಿ ದಾಟಿರುವಾಗ ಆ ಶಾಖ ಬೇಗ ಆರುವುದೂ ಇಲ್ಲ. ಆಗ ಬರುವ ಬೀಪ್ ಸದ್ದು ಕ್ಲಚ್ ಬಿಸಿಯೇರುತ್ತಿದೆ ಎಂಬ ಎಚ್ಚರಿಕೆ. ಅದನ್ನು ಸೀಟ್ ಬೆಲ್ಟಿನ ಸದ್ದೆಂದುಕೊಂಡು ಸುಮ್ಮನಿರಬೇಡಿ.

ಸರಿಯಾದ ಕ್ರಮ ಹೀಗಿದೆ. ನಿಲ್ಲಬೇಕಾದಾಗ ಬ್ರೇಕ್ ಒತ್ತಿ ನಿಲ್ಲಿ, ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆಯಿರಿ. ಹೊರಡುವಾಗ ಲಿವರು ಡಿಯಲ್ಲಿಯೇ ಇರಲಿ, ಹ್ಯಾಂಡ್ ಬ್ರೇಕಿನ ತುದಿಯ ಗುಂಡಿಯನ್ನು ಒತ್ತಿ ಹಿಡಿದುಕೊಳ್ಳಿ, ಆದರೆ ಬಿಡಬೇಡಿ. ಈಗ ಬಲಗಾಲನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ತನ್ನಿ, ಅಳುಕದೆ ಒಂದೇ ಸಮನಾಗಿ ಒತ್ತಿ. ಕ್ಲಚ್ ಹಿಡಿಯತೊಡಗಿದಾಗ ಎಂಜಿನ್ನಿನ ಸದ್ದು ಗಡುಸಾಗುತ್ತದೆ, ಕಾರಿನ ಹಿಂಭಾಗ ತುಸು ಕೆಳಗೆ ಕುಕ್ಕರಿಸುತ್ತದೆ, ಸೀಟು ಬೆನ್ನಿಗೆ ಒತ್ತಿದಂತಾಗುತ್ತದೆ. ಆ ಕ್ಷಣದಲ್ಲಿ, ಅದಕ್ಕಿಂತ ಮೊದಲೂ ಅಲ್ಲ, ಬಹಳ ತಡವಾಗಿಯೂ ಅಲ್ಲ, ಹ್ಯಾಂಡ್ ಬ್ರೇಕನ್ನು ಕೆಳಗಿಳಿಸಿ. ಕಾರು ಒಂದು ಬೆರಳಷ್ಟೂ ಜಾರದೆ ಏರುತ್ತದೆ. ಹೊರಟ ಮೇಲೆ ಹೆದರಿ ಕಾಲು ಸಡಿಲಿಸಬೇಡಿ, ಸಡಿಲಿಸಿದರೆ ಕ್ಲಚ್ ಮತ್ತೆ ಅರ್ಧಕ್ಕೆ ಬಂದು ಉಜ್ಜತೊಡಗುತ್ತದೆ.

ಹಿಲ್ ಹೋಲ್ಡ್ ಎಂಬ ಸೌಲಭ್ಯ ಈಚಿನ ಕೆಲವು ಕಾರುಗಳಲ್ಲಿದೆ. ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡುಗಳಷ್ಟು ಹೊತ್ತು ಅದು ಕಾರನ್ನು ಹಿಡಿದಿರುತ್ತದೆ. ಆ ಎರಡು ಸೆಕೆಂಡು ಕಾಲು ಬದಲಿಸುವುದಕ್ಕಷ್ಟೇ ಸಾಕು, ಯೋಚಿಸುವುದಕ್ಕಲ್ಲ. ಹೀಗಾಗಿ ಹಿಲ್ ಹೋಲ್ಡ್ ಇದ್ದವರೂ ಹ್ಯಾಂಡ್ ಬ್ರೇಕಿನ ಕ್ರಮವನ್ನು ಕಲಿತೇ ತೀರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟದ ಮೇಲಲ್ಲ, ಮೊದಲು ನಿಮ್ಮ ಊರಿನ ಕಾಲುವೆಯ ಏರಿಗೆ ಹತ್ತುವ ದಾರಿಯಲ್ಲೋ ಖಾಲಿ ಇರುವ ಬೇರೆ ಸಣ್ಣ ಏರಿನಲ್ಲೋ, ಹಿಂದೆ ಯಾವ ಗಾಡಿಯೂ ಇಲ್ಲದಾಗ ಅಭ್ಯಾಸ ಮಾಡಿ.

ವಾಸನೆ ಬಂದೇಬಿಟ್ಟರೆ, ರಸ್ತೆಯ ಅಂಚಿಗೆ ಹೋಗಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ 15-20 ನಿಮಿಷ ತಣಿಯಲು ಬಿಡಿ. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡಿ.

ಲಾರಿಯನ್ನು ದಾಟುವಾಗ

ಎರಡೇ ಪಥದ ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಭತ್ತದ ಲಾರಿಯ ಹಿಂದೆ ಹೋಗುತ್ತಿರುವಾಗ ನಿಮ್ಮ ಕಾರು ಮೈಲೇಜಿಗಾಗಿ ಮೇಲಿನ ಗೇರಿನಲ್ಲಿರುತ್ತದೆ. ಬಲಕ್ಕೆ ಎಳೆದು ಹೊರಬಂದ ಮೇಲೆ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರೆ ಅದು ಕೆಳಗಿನ ಗೇರಿಗೆ ಇಳಿಯುತ್ತದೆ, ನಿಜ. ಆದರೆ ಇಳಿಯುವುದಕ್ಕೆ ಮುಂಚೆ ಒಂದು ಕ್ಷಣ ಏನೂ ನಡೆಯುವುದಿಲ್ಲ. ಎದುರಿನ ಬಸ್ಸು ಕಾಣುತ್ತಿರುವಾಗ ಆ ಒಂದು ಕ್ಷಣ ಬಹಳ ದೀರ್ಘವಾಗಿರುತ್ತದೆ. ಆದ್ದರಿಂದ ಇನ್ನೂ ಲಾರಿಯ ಹಿಂದಿರುವಾಗಲೇ ಲಿವರನ್ನು ಎಂ (ಮ್ಯಾನ್ಯುವಲ್, ಅಂದರೆ ಗೇರನ್ನು ನೀವೇ ಆರಿಸುವ) ಗುರುತಿಗೆ ಸರಿಸಿ, ಮೈನಸ್ ಕಡೆಗೆ ತಟ್ಟಿ ಮೂರನೆಯ ಗೇರಿಗೆ ಬನ್ನಿ, ಎಂಜಿನ್ನಿನ ಸದ್ದು ಏರಿದ್ದನ್ನು ಕೇಳಿ, ಆಮೇಲೆ ಹೊರಗೆ ಬನ್ನಿ. ದಾಟಿ ಎಡಕ್ಕೆ ಬಂದ ಮೇಲೆ ಮತ್ತೆ ಡಿ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂಬುದು ಕಾರಿನಿಂದ ಕಾರಿಗೆ ಬೇರೆಯಾಗಿರುವುದರಿಂದ ಮನೆಯ ಮುಂದೆ ನಿಂತಾಗಲೇ ನೋಡಿಟ್ಟುಕೊಳ್ಳಿ.

ಇಲ್ಲಿ ಮ್ಯಾಟಿನ ಮಾತು ಹೇಳಲೇಬೇಕು. ಧೂಳಿಗೆಂದು ಕಂಪನಿಯ ಮ್ಯಾಟಿನ ಮೇಲೆ ದಪ್ಪನೆಯ ಇನ್ನೊಂದನ್ನು ಹಾಸುತ್ತಾರೆ. ಅದು ಆಕ್ಸಿಲರೇಟರಿನ ಕೆಳಗೆ ಸರಿದರೆ ಪೆಡಲು ತಳ ಮುಟ್ಟುವುದೇ ಇಲ್ಲ, ಗೇರು ಇಳಿಯುವುದೂ ಇಲ್ಲ. ಪರಿಚಯದವರೊಬ್ಬರು ಇದೇ ಕಾರಣಕ್ಕೆ ಎರಡು ಸಲ ಕಾರನ್ನು ಗ್ಯಾರೇಜಿಗೆ ಒಯ್ದಿದ್ದರು. ಇನ್ನೂ ಅಪಾಯವೆಂದರೆ ಪೆಡಲು ಮ್ಯಾಟಿನಡಿ ಸಿಕ್ಕಿಕೊಂಡು ಮೇಲೇಳದಿರಬಹುದು. ಒಂದೇ ಮ್ಯಾಟು ಸಾಕು, ಅದೂ ಕೊಕ್ಕೆಗೆ ಸಿಕ್ಕಿಸುವಂಥದ್ದಿರಲಿ.

ಇಳಿಜಾರು, ಪಾರ್ಕಿಂಗ್

ಬೆಟ್ಟ ಇಳಿಯುವಾಗ ಎಂ, ಎರಡನೆಯ ಗೇರು. ಡಿಯಲ್ಲಿ ಕಾಲು ತೆಗೆದರೆ ಅದು ಮೇಲಿನ ಗೇರಿಗೆ ಹೋಗಿಬಿಡಬಹುದು, ಆಗ ಎಂಜಿನ್ನಿನ ತಡೆ ಸಿಗದೆ ಬ್ರೇಕಿನ ಮೇಲೆಯೇ ಭಾರ ಬೀಳುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕಾಲು ಪೂರ್ತಿ ತೆಗೆದು ಗೇರಿನಲ್ಲಿ ಇಳಿಯುವಾಗ ಇಂದಿನ ಎಂಜಿನ್ನುಗಳಿಗೆ ಪೆಟ್ರೋಲ್ ಹೋಗುವುದೇ ನಿಂತಿರುತ್ತದೆ.

ಈ ಬಗೆಯ ಬಹುತೇಕ ಕಾರುಗಳಲ್ಲಿ ಪಾರ್ಕಿಂಗಿನ ಪಿ ಗುರುತು ಇರುವುದಿಲ್ಲ. ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಲಿವರು ಡಿ ಅಥವಾ ರಿವರ್ಸಿನ ಆರ್‌ನಲ್ಲಿರುವಾಗಲೇ ಎಂಜಿನ್ ಆರಿಸಿ, ಕಾರು ಗೇರಿನಲ್ಲಿಯೇ ನಿಲ್ಲುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತುಗಳು

ಪಿಕಪ್ ಹೆಚ್ಚಿಸುವುದೆಂದು ಆಕ್ಸಿಲರೇಟರಿನ ವೈರಿಗೆ ಜೋಡಿಸುವ ಸಣ್ಣ ಡಬ್ಬಿಯೊಂದನ್ನು ಮಾರುತ್ತಾರೆ. ನಿಮ್ಮ ಕಾಲು ಸ್ವಲ್ಪ ಒತ್ತಿದರೂ ಬಹಳ ಒತ್ತಿದೆ ಎಂದು ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಎಂಜಿನ್ನಿನ ಬಲ ಅದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ, ಗೇರು ಮಾತ್ರ ತಡವಾಗಿ ಜರ್ಕಿನೊಂದಿಗೆ ಬದಲಾಗುತ್ತದೆ. ಕೊಳ್ಳಬೇಡಿ. ಗೇರು ನುಣುಪಾಗುತ್ತದೆಂದು ಗೇರ್ ಬಾಕ್ಸಿಗೆ ಸುರಿಯುವ ಬಾಟಲಿಗಳೂ ಬೇಡ.

ಆಟೊಮ್ಯಾಟಿಕ್ ಎಂಬ ಹೆಸರು ಕೇಳಿ ಕೆಲವು ಮೆಕ್ಯಾನಿಕ್‌ಗಳು ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಕೆಂಪು ಎಣ್ಣೆಯನ್ನು ತಂದು ಹಾಕಲು ಹೊರಡುತ್ತಾರೆ. ಎಎಂಟಿಯ ಗೇರ್ ಬಾಕ್ಸಿಗೆ ಬೇಕಾದದ್ದು ಮ್ಯಾನ್ಯುವಲ್ ಗೇರ್ ಆಯಿಲ್. ಪಂಪಿನಿಂದ ಕ್ಲಚ್ ಒತ್ತುವ ಕಾರುಗಳಲ್ಲಿ ಆ ಪಂಪಿಗೆ ಬೇರೆಯೇ ಎಣ್ಣೆಯ ಸಣ್ಣ ಡಬ್ಬಿಯಿರುತ್ತದೆ. ಎರಡೂ ಯಾವುವೆಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಆ ಪುಟವನ್ನು ತೋರಿಸಿಯೇ ಹಾಕಿಸಿ.

ಗೇರಿನ ಅಂಕಿ ಮಿನುಗತೊಡಗಿದರೆ, ಗೇರ್ ಬಾಕ್ಸನ್ನು ಬಿಚ್ಚಿಸುವ ಮೊದಲು ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಪಂಪು, ಮೋಟರು, ಕಂಪ್ಯೂಟರು ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ಬ್ಯಾಟರಿ ಪೂರ್ತಿ ಕುಳಿತಿದ್ದರೆ ಈ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು, ಬೇರೆ ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ಜಂಪ್ ಕೇಬಲ್ ಡಿಕ್ಕಿಯಲ್ಲಿರಲಿ.

ಕೊನೆಯದಾಗಿ, ಕ್ಲಚ್ ಪ್ಲೇಟು ಬದಲಿಸಬೇಕಾಗಿ ಬಂದಾಗ. ಹೊಸ ಪ್ಲೇಟು ಯಾವ ಬಿಂದುವಿನಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿ ಕಲಿಸಬೇಕಾಗುತ್ತದೆ. ಮಾವನವರ ಕಾರಿಗೆ ಒಂದು ಗ್ಯಾರೇಜಿನವರು ಪ್ಲೇಟು ಹಾಕಿದರು, ಕಲಿಸಲಿಲ್ಲ. ಕಾರು ಪ್ರತಿ ಸಲ ಹೊರಡುವಾಗಲೂ ಕುದುರೆಯಂತೆ ನೆಗೆಯುತ್ತಿತ್ತು, ರಿವರ್ಸ್ ಬೀಳುತ್ತಲೇ ಇರಲಿಲ್ಲ. ಮತ್ತೊಂದು ಕಡೆ ಒಯ್ದು ಸ್ಕ್ಯಾನರ್ ಹಚ್ಚಿಸಿದ ಮೇಲೆ, ಒಂದು ನಟ್ಟನ್ನೂ ಬಿಚ್ಚದೆ, ಸರಿಯಾಯಿತು. ಹಾಗಾಗಿ ಕಾರನ್ನು ಬಿಡುವಾಗಲೇ “ಕ್ಲಚ್ ಲರ್ನಿಂಗ್ ಮಾಡುವ ಸ್ಕ್ಯಾನರ್ ನಿಮ್ಮಲ್ಲಿದೆಯೇ?” ಎಂದು ಕೇಳಿ. ಇಲ್ಲವೆಂದರೆ ಕೀಲಿ ಕೊಡಬೇಡಿ.